ಜಾನ್ ಪಾಷಾನ ಹಣೆಗಂಟು

ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಜಾನ್ ಪಾಷಾನಿಗೆ ಬಾಯಿ ಇದ್ದದ್ದು ಹಣ್ಣಿನ ರುಚಿ ನೋಡುವುದಕ್ಕೆ ಮಾತ್ರ. ಮಾತಾಡುವ ಕೆಲಸವನ್ನೆಲ್ಲ ಅವನ ಹಣೆಯೇ ನೋಡಿಕೊಳ್ಳುತ್ತಿತ್ತು. ಟೀ ಬೇಕೆಂದರೆ ಹುಬ್ಬು ಮೇಲೇರುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ಎರಡು ಹುಬ್ಬುಗಳ ನಡುವೆ ಗಂಟು ಬೀಳುತ್ತಿತ್ತು. ಹೆಂಡತಿ ದಿಲ್ಷಾದ್ ಮದುವೆಯಾಗಿ ಬಂದ ಹೊಸದರಲ್ಲಿ ಆ ಗಂಟು ನೋಡಿ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳಂತೆ. ಆಮೇಲಾಮೇಲೆ ಪಳಗಿ, ಗಂಡನ ಹಣೆ ನೋಡಿಯೇ ಪೇಟೆಯಿಂದ ಏನು ತರಿಸಬೇಕು, ಯಾವ ನೆಂಟರನ್ನು ಊಟಕ್ಕೆ ನಿಲ್ಲಿಸಿಕೊಳ್ಳಬೇಕು, ಯಾರನ್ನು ಟೀ ಕೊಟ್ಟು ಕಳಿಸಬೇಕು ಎಂದೆಲ್ಲ ತೀರ್ಮಾನಿಸುವಷ್ಟು ಗಟ್ಟಿಗಿತ್ತಿಯಾಗಿದ್ದಳು.

ಮಂಡಿಯಲ್ಲೂ ಅದೇ ಕಥೆ. ವೆಂಕಟರಮಣಪ್ಪನ ಮಂಡಿಯಲ್ಲಿ ಹರಾಜು ನಡೆಯುವಾಗ ದೊಡ್ಡ ವ್ಯಾಪಾರಿಗಳು ಬಾಯಿಬಿಟ್ಟು ಬೆಲೆ ಕೂಗುವುದು ಮರ್ಯಾದೆಯಲ್ಲ. ಒಬ್ಬ ಕಿವಿ ಮುಟ್ಟಿಕೊಳ್ಳುತ್ತಾನೆ, ಇನ್ನೊಬ್ಬ ಟವೆಲು ಕೊಡವುತ್ತಾನೆ. ಜಾನ್ ಪಾಷಾ ಎಡಗಣ್ಣು ಅರ್ಧ ಮುಚ್ಚಿದರೆ 'ಇನ್ನೊಂದು ಮೆಟ್ಟಿಲು ಏರಿಸು' ಅಂತ ಅರ್ಥ. ಹಣೆ ಗಂಟಿಕ್ಕಿದರೆ 'ನನ್ನನ್ನು ಬಿಡು' ಅಂತ. ವೆಂಕಟರಮಣಪ್ಪ ರಾಶಿಯ ಮೇಲೆ ನಿಂತು ಕೂಗುತ್ತಲೇ ಇವರ ಮುಖಗಳನ್ನೆಲ್ಲ ಒಂದು ಸುತ್ತು ಓದಿಬಿಡುತ್ತಿದ್ದ. ಒಮ್ಮೆ ಅವನು 'ಹೋಯ್ತು' ಅಂದನೋ, ಮಾಲು ಹೋಯಿತು. ಆಮೇಲೆ ಬೇಡ ಅಂದವನು ಮರುದಿನದಿಂದ ಮಂಡಿಗೆ ಬರದಿರುವುದೇ ವಾಸಿ.

ಇಷ್ಟೆಲ್ಲ ಸುಸೂತ್ರವಾಗಿ ನಡೆಸಿಕೊಂಡು ಬಂದ ಹಣೆ, ಮಗಳ ಮದುವೆಯ ವಿಷಯದಲ್ಲಿ ಮಾತ್ರ ಕೈಕೊಟ್ಟಿತು.

ಮಗಳು ಮೆಹ್ರೀನ್ ಕೋಲಾರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ರಿಜ್ವಾನ್ ಕಂಪನಿಯ ಆರೋಗ್ಯ ತಪಾಸಣೆಗೆಂದು ಅಲ್ಲಿಗೆ ಬಂದಿದ್ದ. ನರ ಸಿಗದೆ ಅವಳು ಎರಡೂ ಕೈಗೆ ಚುಚ್ಚಿದಳು. ಹುಡುಗ ತುಟಿಪಿಟಕ್ಕೆನ್ನಲಿಲ್ಲ. ಮುಂದಿನ ವಾರ, ಯಾರೂ ಕೇಳದಿದ್ದರೂ, ಮತ್ತೆ ರಕ್ತ ಕೊಡುವುದಕ್ಕೆ ಬಂದ. ಹೀಗೆ ಮೈಯ ರಕ್ತ ಖಾಲಿಯಾಗುವ ಮುಂಚೆಯೇ ಅವನ ತಾಯಿ ಜೈತೂನ್ ಬೀಗೆ ವಿಷಯ ತಿಳಿದು, ಆಕೆ ಮಗನನ್ನು ಕರೆದುಕೊಂಡು ಹೆಣ್ಣು ಕೇಳುವುದಕ್ಕೆ ಶ್ರೀನಿವಾಸಪುರಕ್ಕೆ ಬಂದಳು.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಜೈತೂನ್ ಬೀ ಬಿಸ್ಕತ್ತು ಕೈಯಲ್ಲಿ ಹಿಡಿದು, "ನಮ್ಮ ರಿಜ್ವಾನ್‌ಗೆ ನಿಮ್ಮ ಮೆಹ್ರೀನ್‌ನ ಕೊಡಿ ಅಂತ ಕೇಳೋಕೆ ಬಂದಿದ್ದೀನಿ. ಹುಡುಗಿ ತಂದೆ ಏನಂತೀರಿ?" ಅಂದಳು.

ಜಾನ್ ಪಾಷಾನ ಹಣೆಯ ಮೇಲೆ ಗೆರೆಗಳು ಒಂದರ ಮೇಲೊಂದು ಎದ್ದು ನಿಂತವು. ಹುಬ್ಬುಗಳ ನಡುವೆ ಗಂಟು ಬಿತ್ತು. ಅಂಥ ಗಂಟನ್ನು ದಿಲ್ಷಾದ್ ಕೂಡ ಈ ಮೊದಲು ನೋಡಿರಲಿಲ್ಲ. "ಹೂಂ" ಅಂದವನೇ ಎದ್ದು ಹಿತ್ತಲಿಗೆ ಹೋಗಿಬಿಟ್ಟ. ಜೈತೂನ್ ಬೀ ಬಿಸ್ಕತ್ತನ್ನು ಹಾಗೇ ತಟ್ಟೆಗೆ ಇಟ್ಟಳು.

ಮರುದಿನ ಜೈತೂನ್ ಬೀಯ ಫೋನ್ ಬಂತು. "ಹುಡುಗಿ ಬಂಗಾರದಂಥವಳು. ಆದ್ರೆ ಅವಳಪ್ಪಂಗೆ ಮನಸ್ಸಿಲ್ಲ. ಮನಸ್ಸಿಲ್ಲದ ಮನೆಯಿಂದ ಹೆಣ್ಣು ತರೋಳಲ್ಲ ನಾನು. ನಿನ್ನ ಮುಖ ನೋಡಿ ಇನ್ನೊಂದ್ಸಲ ಬರ್ತೀನಿ ದಿಲ್ಷಾದ್, ಬಕ್ರೀದ್ ಆದ್ಮೇಲೆ. ಆವಾಗಲೂ ಅವರ ಮುಖ ಹಾಗೇ ಇದ್ರೆ ಇಲ್ಲಿಗೆ ಮುಗೀತು."

ಮೆಹ್ರೀನ್ ಅಪ್ಪನನ್ನು ಏನೂ ಕೇಳಲಿಲ್ಲ. ಅವತ್ತು ಊಟವನ್ನೂ ಮಾಡಲಿಲ್ಲ. ದಿಲ್ಷಾದ್ ಮಾತ್ರ, "ಕ್ಯಾ ಜೀ, ಹುಡುಗ ಇಷ್ಟ ಇಲ್ವಾ?" ಎಂದು ಕೇಳಿದಳು. ಜಾನ್ ಪಾಷಾ, "ಕಣ್ಣಿಗೆ ಬಿಸಿಲು ಹೊಡೀತಿತ್ತು" ಅಂದ. ಮನೆಯೊಳಗೆ ಯಾವ ಬಿಸಿಲು ಅಂತ ದಿಲ್ಷಾದ್ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನನಗೂ ನಿಮಗೂ ಪುರುಸೊತ್ತಾಗುತ್ತಿತ್ತು.

ಜಾನ್ ಪಾಷಾ ಯೋಚನೆಗೆ ಬಿದ್ದ. ತಪ್ಪು ಮಾಡಿದ್ದು ಹಣೆ, ಆದ್ದರಿಂದ ರಿಪೇರಿಯಾಗಬೇಕಾದದ್ದೂ ಹಣೆಯೇ ಎಂಬುದು ಅವನ ಲೆಕ್ಕಾಚಾರ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಚರ್ಮದ ಡಾಕ್ಟರು ರಮಾದೇವಿಯವರ ಬೋರ್ಡನ್ನು ಅವನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದ. ಮುಖದ ಸುಕ್ಕಿಗೆ ಇಂಜೆಕ್ಷನ್ ಚಿಕಿತ್ಸೆ ಅಂತ ಬರೆದು, ಪಕ್ಕದಲ್ಲಿ ಸಿಪ್ಪೆ ಹೆರೆದ ಮಾವಿನಕಾಯಿಯಷ್ಟು ನುಣುಪಾದ ಹಣೆಯ ಹೆಂಗಸಿನ ಚಿತ್ರ ಹಾಕಿದ್ದರು. ಮನೆಯಲ್ಲಿ ಕ್ರೇಟು ತರುವುದಕ್ಕೆ ಹೋಗುತ್ತೇನೆಂದು ಹೇಳಿ, ಆ ಹೆಂಗಸಿನ ಮೇಲೆ ಭಾರ ಹಾಕಿ ಹೊರಟ.

ಡಾಕ್ಟರಮ್ಮ ಹಣೆಯನ್ನು ದೀಪದ ಕೆಳಗೆ ಹಿಡಿದು ನೋಡಿದರು. "ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ, ನೋಡೋಣ" ಅಂದರು.

ಜಾನ್ ಪಾಷಾಗೆ ಸಂಕೋಚವಾಯಿತು. "ಹೆಂಗಸರ ಮುಂದೆ ಹೇಗೆ ಮೇಡಂ ಸಿಟ್ಟು ಮಾಡ್ಕೊಳ್ಳೋದು. ಸುಮ್ನೆ ಕೂತಿರ್ತೀನಿ, ತಾನೇ ಬರುತ್ತೆ."

ಬಂತು. ಡಾಕ್ಟರಮ್ಮ ತಲೆದೂಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಈ ಔಷಧಿ ಗೆರೆಯನ್ನು ಅಳಿಸುವುದಿಲ್ಲ, ಗೆರೆ ಹುಟ್ಟಿಸುವ ಸ್ನಾಯುವನ್ನು ಮಲಗಿಸುತ್ತದೆ. ಕೆಲವು ದಿನಗಳಲ್ಲಿ ಕೆಲಸ ಶುರುವಾಗಿ, ಮೂರ್ನಾಲ್ಕು ತಿಂಗಳಿಗೆ ಸ್ನಾಯು ಮತ್ತೆ ಎದ್ದು ಕೂರುತ್ತದೆ. ನರದ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಎಂದು ಕೇಳಿದರು. ಕೆಲವರಿಗೆ ತಲೆನೋವು ಬರಬಹುದು, ಅಪರೂಪಕ್ಕೆ ಕಣ್ಣಿನ ರೆಪ್ಪೆ ಇಳಿಬೀಳಬಹುದು ಎಂದೂ ಹೇಳಿದರು. ಜಾನ್ ಪಾಷಾ ಕೇಳಿದ್ದಕ್ಕೆ ಇಲ್ಲ ಅಂದು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅವನ ಗಮನವೆಲ್ಲ ಜೈತೂನ್ ಬೀ ಬಿಸ್ಕತ್ತು ಪೂರ್ತಿ ತಿನ್ನುವ ದೃಶ್ಯದ ಮೇಲಿತ್ತು.

"ಇಂಜೆಕ್ಷನ್ ಆದ್ಮೇಲೆ ಒಂದು ನಾಲ್ಕು ಗಂಟೆ ಹಣೆ ಒತ್ತಬಾರದು, ಉಜ್ಜಬಾರದು, ಮಲಗಬಾರದು. ನಮಾಜ್ ಮಾಡ್ತೀರಲ್ವಾ? ಹಣೆ ನೆಲಕ್ಕೆ ತಾಗುತ್ತೆ. ಅದಕ್ಕೇ ಈಗ ಬೆಳಗ್ಗೆನೇ ಹಾಕಿಬಿಡ್ತೀನಿ, ಮಧ್ಯಾಹ್ನದ ನಮಾಜ್ ಹೊತ್ತಿಗೆ ಸರಿ ಹೋಗುತ್ತೆ" ಅಂದರು ಡಾಕ್ಟರಮ್ಮ.

ಜಾನ್ ಪಾಷಾಗೆ ಆಕೆಯ ಮೇಲೆ ಗೌರವ ಉಕ್ಕಿತು. ನಮಾಜ್ ವಿಷಯವನ್ನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡ. ಅದೊಂದನ್ನೇ ಇಟ್ಟುಕೊಂಡ ಅನ್ನುವುದು ಮುಂದಿನ ಅನಾಹುತಕ್ಕೆ ಕಾರಣ.

ಸೂಜಿ ಹಾಕಿಸಿಕೊಂಡು ಹೊರಗೆ ಬಂದವನಿಗೆ ಬಾಗಿಲ ಗಾಜಿನಲ್ಲಿ ತನ್ನ ಹಣೆಯ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಬೊಬ್ಬೆಗಳು ಕಂಡವು. ಪರಿಚಯದವರು ಕೇಳಿದರೆ? ಹೆಗಲ ಮೇಲಿದ್ದ ರುಮಾಲು ತೆಗೆದು, ಮಂಡಿಯಲ್ಲಿ ಲೋಡು ಹೊರುವವರು ಕಟ್ಟುವ ಹಾಗೆ ಹಣೆಗೆ ಬಿಗಿಯಾಗಿ ಬಿಗಿದ. ಬಸ್ಸು ಹತ್ತಿ ಕೂತ. ನಮ್ಮ ಕಡೆ ಬಸ್ಸು ಹತ್ತಿದವನು ಏನು ಮಾಡುತ್ತಾನೆ? ಎರಡು ಕೈ ಮಡಚಿ, ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಹಣೆ ಕೊಟ್ಟು ನಿದ್ದೆ ಹೊಡೆಯುತ್ತಾನೆ. ಮಲಗಬಾರದು ಅಂದರೆ ಮಂಚದ ಮೇಲೆ ಮಲಗಬಾರದು ಅಂತ ತಾನೇ? ಕೂತು ಮಾಡಿದ ನಿದ್ದೆಯನ್ನು ಯಾವ ಡಾಕ್ಟರೂ ನಿದ್ದೆ ಅಂತ ಎಣಿಸುವುದಿಲ್ಲ ಎಂದು ಜಾನ್ ಪಾಷಾ ನಂಬಿದ್ದ. ಕೋಲಾರದಿಂದ ಶ್ರೀನಿವಾಸಪುರದವರೆಗೆ, ಒಂದೊಂದು ರೋಡ್ ಹಂಪ್‌ಗೂ ಹಣೆಯನ್ನು ಸರಳಿಗೆ ಕುಟ್ಟಿಸಿಕೊಳ್ಳುತ್ತ, ಸುಖವಾಗಿ ಗೊರಕೆ ಹೊಡೆದ. ಇಳಿಯುವಾಗ ಎಡಗಣ್ಣಿನ ಮೇಲ್ಭಾಗದಲ್ಲಿ ಸರಳಿನ ಗುರುತು ಅಚ್ಚೊತ್ತಿತ್ತು.

ಕೆಲವು ದಿನಗಳಲ್ಲಿ ಹಣೆ ನಿಜಕ್ಕೂ ನುಣುಪಾಯಿತು. ಮನೆಯಲ್ಲಿ ದಿಲ್ಷಾದ್ ಮೊದಲು ಗಮನಿಸಿದ್ದು ಸಾರಿನ ಮೂಲಕ. ಉಪ್ಪು ಹಾಕುವುದು ಮರೆತು ಬಡಿಸಿದರೂ ಗಂಡನ ಹಣೆ ಅಲ್ಲಾಡಲಿಲ್ಲ. ಪರೀಕ್ಷೆ ಮಾಡೋಣವೆಂದು ಮಾರನೆಯ ದಿನ ಹುಣಸೆಹುಳಿಯನ್ನೂ ಬಿಟ್ಟಳು. ಆಗಲೂ ಇಲ್ಲ. "ನಿಮ್ಮಪ್ಪಂಗೆ ಏನೋ ಆಗಿದೆ ಕಣೇ. ಮುಖ ನೋಡು, ಗೋಡೆ ತರ ಆಗಿದೆ" ಎಂದು ಮಗಳ ಹತ್ತಿರ ಪಿಸುಗುಟ್ಟಿದಳು. ಮೆಹ್ರೀನ್ ಅಪ್ಪನ ಮುಖವನ್ನು ನೋಡಿ, "ನನ್ನ ಮೇಲೆ ಬೇಜಾರಾಗಿದೆ, ಅದಕ್ಕೇ ಏನೂ ತೋರಿಸ್ಕೊಳ್ತಿಲ್ಲ" ಅಂದಳು. ಜಾನ್ ಪಾಷಾ ಇದನ್ನೆಲ್ಲ ಕೇಳಿಸಿಕೊಂಡು, ಔಷಧಿ ಚೆನ್ನಾಗಿ ಹತ್ತಿದೆ ಎಂದು ಒಳಗೊಳಗೇ ಖುಷಿಪಟ್ಟ.

ಬಕ್ರೀದಿಗೆ ಮುಂಚಿನ ದೊಡ್ಡ ಹರಾಜಿನ ದಿನ ಬೆಳಗ್ಗೆ ಎದ್ದಾಗ ಎಡಗಣ್ಣು ಭಾರವಾಗಿತ್ತು. ನಿದ್ದೆಗಣ್ಣು ಇರಬೇಕು ಅಂದುಕೊಂಡು ಮುಖಕ್ಕೆ ನೀರೆರಚಿ ಮಂಡಿಗೆ ಹೋದ. ಎಡಗಣ್ಣಿನ ರೆಪ್ಪೆ ಅಂಗಡಿ ಶಟರಿನ ಹಾಗೆ ಅರ್ಧಕ್ಕೆ ಇಳಿದು ನಿಂತಿತ್ತು.

ವೆಂಕಟರಮಣಪ್ಪ ತೋತಾಪುರಿಯ ಮೊದಲ ರಾಶಿ ಕೂಗಿದ. ಜಾನ್ ಪಾಷಾನ ಕಡೆ ನೋಡಿದ. ಎಡಗಣ್ಣು ಅರ್ಧ ಮುಚ್ಚಿದೆ. ಏರಿಸಿದ. ಮತ್ತೆ ನೋಡಿದ. ಇನ್ನೂ ಮುಚ್ಚೇ ಇದೆ. ಮತ್ತೆ ಏರಿಸಿದ. ಜಾನ್ ಪಾಷಾ ಗಾಬರಿಯಾಗಿ, ಮೈಯ ಶಕ್ತಿಯನ್ನೆಲ್ಲ ಹಣೆಗೆ ತಂದು ಗಂಟಿಕ್ಕಿದ. ಹಣೆ ಹಾಯಾಗಿ ಮಲಗಿತ್ತು.

"ಹೋಯ್ತು, ಪಾಷಾ ಸಾಬ್ರಿಗೆ" ಅಂದ ವೆಂಕಟರಮಣಪ್ಪ.

ಎರಡನೆಯ ರಾಶಿ, ನೀಲಂ, ಅದೂ ಪಾಷಾಗೆ. ಮೂರನೆಯದೂ ಪಾಷಾಗೆ. ಜಾನ್ ಪಾಷಾ ಟವೆಲು ಹಿಡಿದು ಕಣ್ಣು ಮುಚ್ಚಿಕೊಂಡ. ಎರಡೂ ಕಣ್ಣು ಮುಚ್ಚಿದರೆ ಎಂಥ ಉತ್ಸಾಹ ಅಂದುಕೊಂಡು ವೆಂಕಟರಮಣಪ್ಪ ಇನ್ನೂ ಎರಡು ಮೆಟ್ಟಿಲು ಏರಿಸಿದ.

ಎದುರು ಸಾಲಿನಲ್ಲಿದ್ದ ವ್ಯಾಪಾರಿ ಮುನಿಕೃಷ್ಣಪ್ಪ ಇದನ್ನೆಲ್ಲ ನೋಡಿ ಪಕ್ಕದವನಿಗೆ ತಿವಿದ. "ಚೂಸ್ತಿವಾ, ನೋಡ್ದಾ? ಇಷ್ಟು ಮಾಲು ಎತ್ತುತಾವನೆ, ಮುಖದಾಗೆ ಒಂದು ಗೆರೆ ಇಲ್ಲ. ದುಬೈಯಿಂದ ಏನೋ ದೊಡ್ಡ ಆರ್ಡರ್ ಬಂದೈತೆ ಕಣ್ಲಾ. ಬಿಟ್ರೆ ಕೆಟ್ಟೋಗ್ತೀವಿ."

ಅಲ್ಲಿಂದ ಶುರುವಾಯಿತು. ಕಿವಿಗಳು, ಟವೆಲುಗಳು, ಮೀಸೆಗಳು ಒಂದೇ ಸಮನೆ ಅಲ್ಲಾಡಿದವು. ಆ ವರ್ಷ ಕೇಳುವವರೇ ಇಲ್ಲದ ತೋತಾಪುರಿಗೆ ಒಂದೇ ಬೆಳಗ್ಗೆಯಲ್ಲಿ ರಾಜಯೋಗ ಬಂತು. ತೋಟದವರು ಜಾನ್ ಪಾಷಾನ ಕೈ ಹಿಡಿದು, ನಿಮ್ಮಂಥವರು ಚೆನ್ನಾಗಿರಬೇಕು ಅಂದರು. ಮಧ್ಯಾಹ್ನದ ಹೊತ್ತಿಗೆ ಮುನಿಕೃಷ್ಣಪ್ಪ ತಾನಾಗಿಯೇ ಬಂದು ಅರ್ಧಕ್ಕಿಂತ ಹೆಚ್ಚು ಮಾಲನ್ನು ಅವನಿಂದ ಗೋಗರೆದು ಕೊಂಡುಕೊಂಡ. ಜಾನ್ ಪಾಷಾ ಮುಳುಗಲಿಲ್ಲ. ಆದರೆ ಮಿಕ್ಕ ಹಣ್ಣಿಗೆ ಗೋಡೌನಿನಲ್ಲಿ ಜಾಗವಿಲ್ಲದೆ ಒಂದು ಲೋಡು ನೇರವಾಗಿ ಅವನ ಮನೆಯಂಗಳಕ್ಕೆ ಬಂದು ಬಿತ್ತು.

ಲಾರಿಯ ಹಿಂದೆಯೇ ಪಕ್ಕದ ಮನೆಯ ಶಾಮಲಮ್ಮ ಬಂದರು. ರಿಟೈರಾದ ಸ್ಕೂಲ್ ಮೇಡಂ. ಮಾತು ತೂಕದ್ದು.

"ದಿಲ್ಷಾದ್, ಒಂದು ವಿಷಯ. ಬೆಳಗ್ಗೆ ನಾನು ತುಳಸಿಗೆ ನೀರು ಹಾಕ್ತಿದ್ದೆ. ನಿಮ್ಮ ಯಜಮಾನ್ರು ಗೇಟ್ ಹತ್ರ ನಿಂತು ನನಗೆ ಕಣ್ಣು ಹೊಡೆದ್ರು."

"ನಿಮಗಾ ಮೇಡಂ?"

"ಸಿಟ್ಟಿಲ್ಲ ನನಗೆ. ಈ ವಯಸ್ಸಲ್ಲಿ ಸಿಟ್ಟು ಮಾಡ್ಕೊಂಡು ಏನು ಮಾಡ್ಲಿ. ಆದ್ರೆ ಆಮೇಲೆ ಹಾಲಿನವನಿಗೂ ಹೊಡೆದ್ರು, ಅವನ ಎಮ್ಮೆಗೂ ಹೊಡೆದ್ರು. ಅದಕ್ಕೇ ಹೇಳೋಣ ಅಂತ ಬಂದೆ."

ದಿಲ್ಷಾದ್‌ಗೆ ಎಲ್ಲಿಲ್ಲದ ದುಃಖ ಬಂತು. "ನನಗೆ ಇಷ್ಟು ವರ್ಷದಲ್ಲಿ ಒಂದ್ಸಲ ಕೂಡ ಹೊಡೆದಿಲ್ಲ ಮೇಡಂ" ಅಂದಳು. ಶಾಮಲಮ್ಮ ಅವಳ ಬೆನ್ನು ಸವರಿ, ಒಂದು ಬುಟ್ಟಿ ತೋತಾಪುರಿ ತೆಗೆದುಕೊಂಡು ಹೋದರು.

ಗಂಡ ಒಳಗೆ ಬಂದದ್ದೇ ದಿಲ್ಷಾದ್ ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು. ಇಳಿದ ರೆಪ್ಪೆ ನೋಡಿದಳು, ಅಲುಗದ ಹಣೆ ನೋಡಿದಳು. ಸಿಟ್ಟು ಹೋಗಿ ಭಯವಾಯಿತು. ಲಕ್ವ ಹೊಡೆದಿದೆ ಅಂತ ಅವಳು ಅಳುವುದಕ್ಕೆ ಶುರುಮಾಡಿದಾಗ ಜಾನ್ ಪಾಷಾ ವಿಧಿಯಿಲ್ಲದೆ ಇಂಜೆಕ್ಷನ್ ವಿಷಯ ಬಾಯಿಬಿಟ್ಟ. ಅಳುತ್ತಿದ್ದವಳು ಹಾಗೇ ನಿಲ್ಲಿಸಿ, "ಹಣೆಗೆ ಸೂಜಿ ಚುಚ್ಚಿಸ್ಕೊಂಡು ಬಂದ್ರಾ? ನನಗೆ ಕ್ರೇಟು ಅಂತ ಹೇಳಿ?" ಅಂದಳು. ಡಾಕ್ಟರಮ್ಮನಿಗೆ ತೋರಿಸಲು ಹೊರಟವರಿಗೆ ಕೋಲಾರ ತಲುಪುವವರೆಗೂ ಬಸ್ಸಿನಲ್ಲಿ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬಂತು. ಈ ಸಲ ಮುಂದಿನ ಸೀಟಿನ ಸರಳಿಗೆ ಹಣೆ ಕೊಡುವ ಧೈರ್ಯ ಜಾನ್ ಪಾಷಾಗೆ ಬರಲಿಲ್ಲ.

ಡಾಕ್ಟರಮ್ಮ ರೆಪ್ಪೆ ಎತ್ತಿ ನೋಡಿದರು. ಉಸಿರಾಟಕ್ಕೆ, ನುಂಗುವುದಕ್ಕೆ ಕಷ್ಟ ಇದೆಯೇ, ಒಂದು ಎರಡಾಗಿ ಕಾಣುತ್ತದೆಯೇ ಎಂದು ಕೇಳಿದರು. ಇಲ್ಲ ಅಂದ ಮೇಲೆ, "ಅವತ್ತು ಹಣೆ ಒತ್ತಿದ್ರಾ?" ಅಂದರು.

"ಇಲ್ಲ ಮೇಡಂ. ನಮಾಜ್ ಕೂಡ ಹೊತ್ತು ನೋಡೇ ಮಾಡಿದೆ. ರುಮಾಲು ಕಟ್ಟಿದ್ದೆ ಅಷ್ಟೆ. ಆಮೇಲೆ ಬಸ್ಸಲ್ಲಿ ಸ್ವಲ್ಪ ಸರಳಿಗೆ…"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಪಾಷಾ ಅವರೇ, ಹಾಗೆ ಒತ್ತಿದ್ರೆ ಔಷಧಿ ಬೇರೆ ಕಡೆ ಜರುಗಬಹುದು. ಕೆಲವರಿಗೆ ಒತ್ತದೇನೂ ಹೀಗಾಗೋದುಂಟು. ಗಾಬರಿ ಬೇಡ. ಕಣ್ಣಿಗೆ ಹನಿ ಕೊಡ್ತೀನಿ, ಕೆಲವು ವಾರದಲ್ಲಿ ರೆಪ್ಪೆ ತಾನೇ ಏಳುತ್ತೆ. ಇದನ್ನ ಸರಿಮಾಡ್ತೀವಿ ಅಂತ ಯಾರಾದ್ರೂ ಪಾರ್ಲರ್‌ನವರು ಇನ್ನೊಂದು ಸೂಜಿ ಹಿಡ್ಕೊಂಡು ಬಂದ್ರೆ ಮಾತ್ರ ಓಡಿಬಿಡಿ."

ಎದ್ದು ಹೊರಡುವಾಗ ದಿಲ್ಷಾದ್ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು. "ಮೇಡಂ, ನನಗೂ ಕಣ್ಣ ಪಕ್ಕದಲ್ಲಿ ಸ್ವಲ್ಪ ಗೆರೆ ಇದೆ. ಏನಾದ್ರೂ ಆಗುತ್ತಾ?" ಬೇಡ ಅನ್ನುವುದಕ್ಕೆ ಜಾನ್ ಪಾಷಾ ಹಣೆ ಗಂಟಿಕ್ಕಲು ಹೋದ. ಆಗಲಿಲ್ಲ. ಗಂಡನ ಒಪ್ಪಿಗೆಯಿದೆ ಎಂದುಕೊಂಡು ದಿಲ್ಷಾದ್ ಡಾಕ್ಟರ ಕಡೆ ನೋಡಿದಳು. "ಮೊದಲು ಇವರದು ಮುಗೀಲಿ" ಅಂದರು ಡಾಕ್ಟರಮ್ಮ.

ಬಕ್ರೀದ್ ಕಳೆಯಿತು. ಜೈತೂನ್ ಬೀ ಹೇಳಿದ ಹಾಗೆ ಮಗನೊಂದಿಗೆ ಬಂದಳು. ಹನಿ ಹಾಕಿ ಹಾಕಿ ರೆಪ್ಪೆ ಸ್ವಲ್ಪ ಎದ್ದಿತ್ತು, ಪೂರ್ತಿ ಅಲ್ಲ. ಮನೆಯಲ್ಲಿ ಮಾವಿನ ಶರಬತ್ತು, ಮಾವಿನ ಹಲ್ವ, ಮಾವಿನ ಉಪ್ಪಿನಕಾಯಿ, ಬೇರೆ ಏನೂ ಇಲ್ಲ. ಮೆಹ್ರೀನ್ ಪರದೆಯ ಹಿಂದೆ ನಿಂತಿದ್ದಳು. ಪರದೆ ಅಲುಗುತ್ತಿತ್ತು.

ಜೈತೂನ್ ಬೀ ಕೂತವಳೇ ಜಾನ್ ಪಾಷಾನ ಹಣೆಯನ್ನೇ ದಿಟ್ಟಿಸಿದಳು. ಹಣೆ ತಿಳಿನೀರಿನಂತಿತ್ತು. ಅವಳ ಮುಖ ಅರಳಿತು. ಬಿಸ್ಕತ್ತು ಕೂಡ ಎತ್ತಿಕೊಂಡಳು. ಅಷ್ಟರಲ್ಲಿ ಜಾನ್ ಪಾಷಾ ಮರ್ಯಾದೆಗೆಂದು ಅವಳ ಕಡೆ ತಿರುಗಿದ.

"ಇವರು ನನಗೆ ಕಣ್ಣು ಹೊಡೀತಿದ್ದಾರೆ" ಅಂದಳು ಜೈತೂನ್ ಬೀ, ದಿಲ್ಷಾದ್‌ಗೆ.

"ಇಲ್ಲ ಅಕ್ಕಾ, ಅದು ಔಷಧಿದು. ಶಾಮಲಮ್ಮ ಮೇಡಂಗೂ ಹಾಗೇ ಆಯ್ತು, ಎಮ್ಮೆಗೂ ಹಾಗೇ" ಎಂದು ದಿಲ್ಷಾದ್ ಸಮಾಧಾನ ಹೇಳಿದಳು. ಎಮ್ಮೆಯ ಸಾಲಿಗೆ ಸೇರಿದ್ದು ಜೈತೂನ್ ಬೀಗೆ ಅಷ್ಟಾಗಿ ಹಿಡಿಸಲಿಲ್ಲ. ರಿಜ್ವಾನ್ ಕೆಮ್ಮಿದ. ಆದರೂ ಆಕೆ ಸಾವರಿಸಿಕೊಂಡು, ಹೋದ ಸಲ ಕೇಳಿದ ಮಾತನ್ನೇ ಮತ್ತೆ ಕೇಳಿದಳು. "ಹುಡುಗಿ ತಂದೆ ಏನಂತೀರಿ?"

ಎಲ್ಲರೂ ಜಾನ್ ಪಾಷಾನ ಮುಖ ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ.

ಜೈತೂನ್ ಬೀ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಬುರ್ಖಾ ಸರಿಮಾಡಿಕೊಂಡಳು. "ಅವತ್ತು ಸಿಟ್ಟಾದ್ರೂ ಇತ್ತು. ಇವತ್ತು ಅದೂ ಇಲ್ಲ. ಹೆಣ್ಣು ಕೇಳಿದ್ರೆ ಕಲ್ಲಿನ ತರ ಕೂತಿದಾರೆ. ನಡಿ ರಿಜ್ವಾನ್, ಇಲ್ಲಿ ಮನಸ್ಸಿಲ್ಲ."

ಪರದೆಯ ಹಿಂದೆ ಮೆಹ್ರೀನ್ ಬಿಕ್ಕಿದ್ದು ಕೇಳಿಸಿತು. ಜಾನ್ ಪಾಷಾ ಹಣೆಯನ್ನು ಬಿಗಿಹಿಡಿಯಲು ಹೊರಟ. ಹಿಡಿಯುವುದಕ್ಕೆ ಅಲ್ಲಿ ಏನೂ ಸಿಗಲಿಲ್ಲ. ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು, ಅರ್ಧ ಮುಚ್ಚಿದ ಕಣ್ಣಿನಿಂದಲೂ ಇಳಿಯಿತು, ಗಡ್ಡದೊಳಗೆ ಹರಿಯಿತು. ಹಣೆ ಮಾತ್ರ ಏನೂ ಗೊತ್ತಿಲ್ಲದಂತೆ ನುಣ್ಣಗಿತ್ತು. ಜಾನ್ ಪಾಷಾ ಅಳುವುದನ್ನು ಆ ಮನೆಯಲ್ಲಿ ಯಾರೂ ಈವರೆಗೆ ನೋಡಿರಲಿಲ್ಲ. ದಿಲ್ಷಾದ್‌ಳ ಕೈಯಲ್ಲಿದ್ದ ಹಲ್ವದ ತಟ್ಟೆ ಓರೆಯಾಯಿತು.

"ಕೂತ್ಕೊಳ್ಳಿ ಅಕ್ಕಾ" ಅಂದ ಜಾನ್ ಪಾಷಾ. "ನನಗೆ ಸಿಟ್ಟಿಲ್ಲ. ಅವತ್ತೂ ಇರಲಿಲ್ಲ. ನೀವು ನಮ್ಮ ಮೆಹ್ರೀನ್‌ನ ಕೊಡಿ ಅಂದ್ರಿ. ಅಳು ಬಂತು. ನನಗೆ ಅಳು ಬಂದ್ರೆ ಹಣೆ ಗಂಟಿಕ್ಕಿ ಹಿಡ್ಕೊಳ್ತೀನಿ, ಚಿಕ್ಕವನಿದ್ದಾಗಿಂದ. ನಮ್ಮ ಅಬ್ಬಾ ತೀರ್ಕೊಂಡಾಗಲೂ ಹಾಗೇ ಹಿಡ್ಕೊಂಡಿದ್ದೆ, ಜನ ಸಿಟ್ಟು ಅಂದ್ಕೊಂಡ್ರು. ಈಗ ಡಾಕ್ಟರಮ್ಮ ಅದನ್ನ ಮಲಗಿಸಿಬಿಟ್ಟಿದಾರೆ. ನಾನೇನು ಮಾಡ್ಲಿ."

ಮೂಗು ಒರೆಸಿಕೊಂಡ. ಮಾತು ಇನ್ನೂ ಇತ್ತು. "ಹುಡುಗ ನನಗೆ ಇಷ್ಟ. ಎರಡು ಕೈಗೂ ಚುಚ್ಚಿಸ್ಕೊಂಡು ಸುಮ್ನಿದ್ನಂತೆ, ನಮ್ಮ ಹುಡುಗಿನ ಸಂಭಾಳಿಸ್ತಾನೆ. ಮನಸ್ಸಿಲ್ಲ ಅನ್ಬೇಡಿ. ಮನಸ್ಸು ಜಾಸ್ತಿ ಇದೆ, ಅದೇ ತೊಂದರೆ. ಅವಳು ಸಾಯಂಕಾಲ ಬಸ್ಸಿಳಿದು ಬರೋವರೆಗೂ ನನಗೆ ಊಟ ಸೇರಲ್ಲ. ಇನ್ಮೇಲೆ ಹೇಗೋ ಗೊತ್ತಿಲ್ಲ."

ಜೈತೂನ್ ಬೀ ಮೆಲ್ಲಗೆ ಕೂತಳು.

"ನನ್ನ ಮದುವೆ ದಿನ ನಮ್ಮಪ್ಪ ಬಸ್ ಹತ್ರ ಬರಲೇ ಇಲ್ಲ" ಅಂದಳು ಆಕೆ, ಯಾರನ್ನೂ ನೋಡದೆ. "ದೂರ ಹುಣಸೆಮರದ ಕೆಳಗೆ ಆ ಕಡೆ ಮುಖ ಮಾಡಿ ನಿಂತಿದ್ರು. ನನ್ನ ಮೇಲೆ ಸಿಟ್ಟು ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ. ಅವರು ಹೋಗಿಯೂ ಎಷ್ಟೋ ದಿನ ಆಯ್ತು." ಕಣ್ಣೊರೆಸಿಕೊಂಡು, ಓರೆಯಾದ ತಟ್ಟೆಯಿಂದ ಒಂದು ತುಂಡು ಹಲ್ವ ತೆಗೆದು ಜಾನ್ ಪಾಷಾನ ಮುಂದೆ ಹಿಡಿದಳು. "ಬಾಯಿ ಸಿಹಿ ಮಾಡ್ಕೊಳ್ಳಿ ಅಣ್ಣಾ. ಮಾತು ಪಕ್ಕಾ."

ಪರದೆ ಸರಿಯಿತು. ಹುಡುಗನ ಕಡೆಯವರ ಮುಂದೆ ಹಾಗೆ ಬರುವ ಪದ್ಧತಿಯಿಲ್ಲ, ಆದರೆ ಯಾರೂ ತಡೆಯಲಿಲ್ಲ. ಮೆಹ್ರೀನ್ ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು, ದುಪಟ್ಟಾದಿಂದ ಅವನ ಗಡ್ಡ ಒರೆಸಿದಳು. ಅವಳೂ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಅಬ್ಬಾ, ಸಾಕು. ನಾನಿನ್ನೂ ಇಲ್ಲೇ ಇದ್ದೀನಲ್ಲ."

"ಗೊತ್ತು ಕಣೇ" ಅಂದ ಜಾನ್ ಪಾಷಾ. ಆದರೂ ಅವನಿಗೆ ನಿಲ್ಲಿಸಲು ಆಗಲಿಲ್ಲ.